ಬೀಗಿತ್ತಿಯ ಕೈಗುಣ

ಹೊಟ್ಟೆಕಿಚ್ಚು ಪಡಬಾರದು ಎಂದು ನಾನೂ ಊರಿಗೆಲ್ಲ ಬುದ್ಧಿ ಹೇಳಿದವಳೇ. ಮೈಸೂರಿನ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಾಗ, ಪಕ್ಕದವಳ ಮಾರ್ಕ್ಸ್ ನೋಡಿ ಕಣ್ಣೀರು ಹಾಕುತ್ತಿದ್ದ ಹುಡುಗಿಯರನ್ನು ಸ್ಟಾಫ್ ರೂಮಿಗೆ ಕರೆದು ಸಮಾಧಾನ ಮಾಡುತ್ತಿದ್ದೆ. ಇನ್ನೊಬ್ಬರನ್ನು ನೋಡಿ ಕರುಬಬೇಡಿ, ನಿಮ್ಮ ಪಾಡಿಗೆ ನೀವು ಓದಿಕೊಳ್ಳಿ ಎನ್ನುತ್ತಿದ್ದೆ. ಹೇಳುವುದು ಸುಲಭವಿತ್ತು. ಆಗ ನನಗೆ ಬೀಗಿತ್ತಿ ಇರಲಿಲ್ಲ.

ಬೀಗಿತ್ತಿ ಎಂದರೆ ನನ್ನ ಮಗಳ ಅತ್ತೆ. ಬೆಂಗಳೂರಿನಲ್ಲಿ ಮಕ್ಕಳ ಡಾಕ್ಟರಾಗಿ ಹೆಸರು ಮಾಡಿದವರು. ರಿಟೈರಾದ ಮೇಲೆ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸಲು ಪಿಆರ್ ವೀಸಾ ಸಿಕ್ಕಿ ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ನಾನು ಸಿಡ್ನಿಯ ಗಿರಾವೀನ್‌ನಲ್ಲಿ ನನ್ನ ಮಗನ ಮನೆಯಲ್ಲಿದ್ದೇನೆ. ಮಗ ಸೊಸೆ ಇಬ್ಬರೂ ಬೆಳಿಗ್ಗೆ ಮ್ಯಾಕ್ವೆರಿ ಪಾರ್ಕಿನ ಆಫೀಸಿಗೆ ಹೊರಟುಬಿಟ್ಟರೆ ಮನೆಯಲ್ಲಿ ಉಳಿಯುವುದು ನಾನು ಮತ್ತು ನನ್ನ ಫೋನು. ಮಗಳಿಗೆ ದಿನಾ ವಿಡಿಯೊ ಕಾಲ್ ಮಾಡುತ್ತಿದ್ದೆ. ಏನು ತಿಂಡಿ, ಮೊಮ್ಮಗಳು ಹಾಲು ಕುಡಿದಳಾ, ಒಣಹಾಕಿದ ಬಟ್ಟೆ ತೆಗೆದೆಯಾ, ಎಲ್ಲ ಕೇಳುತ್ತಿದ್ದೆ, ಎಲ್ಲದಕ್ಕೂ ಒಂದೊಂದು ಸಲಹೆ ಕೊಡುತ್ತಿದ್ದೆ. ಟೀಚರಿಗೆ ಪೆನ್ಷನ್ ಬರುತ್ತದೆ, ಅವಳ ಬಾಯಿಗೆ ರಿಟೈರ್ಮೆಂಟ್ ಬರುವುದಿಲ್ಲ.

ಮಗಳು ಎರಡನೆಯ ಸಲ ಬಸುರಿಯಾಗಿ ಏಳನೆಯ ತಿಂಗಳಿಗೆ ಬಿದ್ದಿದ್ದಾಗ, ಅಂಥದೇ ಒಂದು ಕಾಲ್‌ನಲ್ಲಿ, ಬದನೆಕಾಯಿ ಹೆಚ್ಚುತ್ತಾ ನನ್ನ ಮುಖ ನೋಡದೆ ಹೇಳಿದಳು.

“ಅಮ್ಮಾ, ಈ ಸಲ ಬಾಣಂತನ ಅತ್ತೇನೇ ನೋಡ್ಕೋತಾರೆ. ನೀನು ಸುಮ್ನೆ ಟೆನ್ಶನ್ ತಗೋಬೇಡ. ಮಗು ನೋಡಕ್ಕೆ ಬಾ, ಒಂದು ವೀಕೆಂಡ್.”

ಒಂದು ವೀಕೆಂಡ್! ಬಾಣಂತನ ತವರಿನವರ ಪಾಲಿನದು. ನನ್ನಜ್ಜಿ ನನ್ನಮ್ಮನಿಗೆ ಮಾಡಿದಳು, ನನ್ನಮ್ಮ ನನಗೆ ಮಾಡಿದಳು, ಮಗಳ ಮೊದಲ ಹೆರಿಗೆಗೆ ನಾನು ಮೈಸೂರಿನಿಂದ ಮೆಲ್ಬರ್ನಿಗೆ ಹಾರಿಬಂದು ಮಾಡಿದೆ. ಅತ್ತೆಯ ಕೈಯಲ್ಲಿ ಬಾಣಂತನ ಮಾಡಿಸಿಕೊಳ್ಳುವುದು ತಾಯಿ ಇಲ್ಲದ ಹೆಣ್ಣುಮಕ್ಕಳ ಪಾಡು. ನಾನಿನ್ನೂ ಬದುಕಿದ್ದೆನಲ್ಲ! “ಸರಿ ಕಣೇ, ನಿಂಗೆ ಹೇಗೆ ಅನುಕೂಲವೋ ಹಾಗೆ” ಎಂದು ನಗುನಗುತ್ತಾ ಫೋನಿಟ್ಟೆ. ಒಲೆಯ ಮೇಲೆ ಸಾರು ಉಕ್ಕಿ ಹರಿಯುತ್ತಿತ್ತು. ಒರೆಸಲೂ ಮನಸ್ಸಾಗಲಿಲ್ಲ.

ಸಂಜೆ ವಾಕಿಂಗ್‌ನಲ್ಲಿ, ಪಕ್ಕದ ಬೀದಿಯ ಮಂಗಳೂರಿನ ಗೆಳತಿಯ ಹತ್ತಿರ ಹೇಳಿಕೊಂಡೆ. ಅವರು ನರ್ಸಾಗಿದ್ದವರು, ಯಾವುದಕ್ಕೂ ಬೆಚ್ಚುವವರಲ್ಲ. “ಒಳ್ಳೇದೇ ಆಯ್ತಲ್ಲ ಮಾರಾಯ್ರೆ, ನಿಮಗೂ ರೆಸ್ಟ್. ಡಾಕ್ಟ್ರು ಮನೆಯಲ್ಲೇ ಇರುವಾಗ ಮತ್ತೆಂತ ಹೆದರಿಕೆ?” ಎಂದರು. ಆ ಮಾತಿಗೆ ನನ್ನ ಹೊಟ್ಟೆಯ ಉರಿ ಇನ್ನಷ್ಟು ಜಾಸ್ತಿಯಾಯಿತು.

ಎರಡನೆಯದಕ್ಕೆ ಸೀಮಂತದ ಶಾಸ್ತ್ರವಿಲ್ಲ. ಆದರೂ ಬಳೆ ತೊಡಿಸಿ ಮಡಿಲು ತುಂಬುತ್ತೇನೆಂದು ನೆಪ ತೆಗೆದು, ಇಲ್ಲಿಯ ಬೇಸಿಗೆ ಮುಗಿಯುವ ಫೆಬ್ರವರಿ ಕೊನೆಗೆ ಮಗನ ಕೈಲಿ ಟಿಕೆಟ್ ಬುಕ್ ಮಾಡಿಸಿದೆ. ಎದುರಿಗೆ ಕೂತು ಮಾತಾಡಿದರೆ ಮಗಳ ಮನಸ್ಸು ಬದಲಾದೀತು, ‘ಅಮ್ಮಾ, ನೀನೇ ಬಾ’ ಎಂದಾಳು ಎನ್ನುವುದು ಒಳಗಿನ ಆಸೆ. ಸೂಟ್‌ಕೇಸಿನ ತುಂಬ ಹಸಿರು ಬಳೆ, ಸೀರೆ, ಬಾಣಂತಿಯ ಉಂಡೆಗೆ ಬೇಕಾದ ಅಂಟು, ಒಣಕೊಬ್ಬರಿ. ಆ ಅಂಟನ್ನು ನನ್ನ ಕೈಯಾರೆ ಉಂಡೆ ಮಾಡಿಯೇ ವಾಪಸ್ಸು ಬರುವವಳು ನಾನು ಎಂದುಕೊಂಡಿದ್ದೆ.

ವಿಂಡಮ್ ವೇಲ್‌ನದು ಹೊಸ ಬಡಾವಣೆ. ಮನೆಗಳೆಲ್ಲ ಒಂದೇ ಅಚ್ಚಿನವು, ರಸ್ತೆ ಬದಿಯ ಗಿಡಗಳಿನ್ನೂ ಕೋಲಿಗೆ ಕಟ್ಟಿಸಿಕೊಂಡು ನಿಂತಿವೆ. ಮಣ್ಣು ಕಪ್ಪು ಜೇಡಿ. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ, ಚಳಿಗಾಲದ ಮಳೆಗೆ ಊದಿಕೊಂಡು ಕಾಲಿನ ಚಪ್ಪಲಿಯನ್ನು ಕಿತ್ತಿಟ್ಟುಕೊಳ್ಳುತ್ತದೆ. ಅಂಥ ನೆಲದಲ್ಲಿ ಬೀಗಿತ್ತಿ ಹಿತ್ತಲಿನ ಫೆನ್ಸ್ ಉದ್ದಕ್ಕೂ ಬಸಳೆ ಹಬ್ಬಿಸಿದ್ದರು. ಕೆಂಪು ದಂಟು, ಅಂಗೈಯಗಲದ ಎಲೆ, ನೋಡಿದರೆ ಕಣ್ಣು ತಂಪಾಗಬೇಕು. ನನಗೆ ಆಗಲಿಲ್ಲ.

“ಬನ್ನಿ ಬನ್ನಿ, ಫ್ಲೈಟ್ ಲೇಟಾಯ್ತೇನ್ರೀ? ನಿಮಗೋಸ್ಕರ ಬಸಳೆ ಸೊಪ್ಪಿನ ಹುಳಿ ಮಾಡಿದೀನಿ” ಎಂದು ಬೀಗಿತ್ತಿ ಬಾಗಿಲಲ್ಲೇ ಕೈ ಹಿಡಿದುಕೊಂಡರು. ಅವರ ಸೆರಗಿನ ಹಿಂದಿನಿಂದ ಮೊಮ್ಮಗಳು ಇಣುಕಿದಳು.

“ಅಜ್ಜೀ, ಸಿಡ್ನಿ ಅಜ್ಜಿ ಈಸ್ ಹಿಯರ್!” ಎಂದು ಅವರಿಗೆ ಕೂಗಿ ಹೇಳಿದಳು.

ಅವರು ಅಜ್ಜಿ, ನಾನು ಸಿಡ್ನಿ ಅಜ್ಜಿ. ಬರೀ ಅಜ್ಜಿ ಎನ್ನುವ ಹುದ್ದೆ ನಾನು ಬರುವ ಮೊದಲೇ ಭರ್ತಿಯಾಗಿತ್ತು. ಮಗುವಿಗೆ ಮುತ್ತು ಕೊಟ್ಟು ಒಳಗೆ ಹೋಗಿ ಊಟಕ್ಕೆ ಕೂತೆ. ಹುಳಿಯಲ್ಲಿ ಉಪ್ಪೋ ಖಾರವೋ ಹೆಚ್ಚುಕಮ್ಮಿ ಇರಬಾರದೇ ಎಂದು ಹುಡುಕಿದೆ. ಏನೂ ಇರಲಿಲ್ಲ, ಎರಡನೆಯ ಸಲ ಬಡಿಸಿಕೊಂಡೆ.

ಮರುದಿನ ಬಳೆ ತೊಡಿಸುವ ಶಾಸ್ತ್ರಕ್ಕೆ ಸುತ್ತಲಿನ ಕನ್ನಡದ ಹೆಂಗಸರು ಬಂದರು. ಒಬ್ಬಳು ಹಿತ್ತಲಿಗೆ ಕಣ್ಣು ಹಾಯಿಸಿ, “ಡಾಕ್ಟರ್ ಆಂಟಿ ಕೈಗುಣ ನೋಡ್ರೀ! ನಮ್ಮನೇಲಿ ಹುಲ್ಲೂ ಸರಿಯಾಗಿ ಬರಲ್ಲ” ಎಂದಳು. ಇನ್ನೊಬ್ಬಳು, “ಕೈಗುಣ ಇಲ್ದೇನೇ ಬೆಂಗ್ಳೂರಲ್ಲಿ ಅಷ್ಟೊಂದು ಮಕ್ಕಳು ಅವರ ಹತ್ರ ಬರ್ತಿದ್ವಾ? ಬಾಣಂತನಕ್ಕೆ ಮನೇಲೇ ಡಾಕ್ಟರ್, ನೀನು ಲಕ್ಕಿ ಬಿಡು” ಎಂದು ಮಗಳ ಕೆನ್ನೆ ಸವರಿದಳು. ಮಗಳು ನಕ್ಕಳು. ನಾನು ಬಳೆ ಏರಿಸುತ್ತಿದ್ದೆ, ಒಂದು ಚಟ್ಟನೆ ಒಡೆಯಿತು.

“ನಿಧಾನ ಅಮ್ಮಾ” ಎಂದಳು ಮಗಳು.

ಕೈಗುಣವಂತೆ ಕೈಗುಣ! ಅದು ಮಣ್ಣಿನ ಗುಣ. ಜೇಡಿಯ ಕಣ ಬಲು ಸಣ್ಣದು. ಕಣ ಸಣ್ಣದಾದಷ್ಟೂ ನಡುವಿನ ಸಂದು ಕಿರಿದು, ಸಂದು ಕಿರಿದಾದಷ್ಟೂ ನೀರಿನ ಮೇಲಿನ ಹಿಡಿತ ಬಿಗಿ. ಮರಳಿಗೆ ಹಾಕಿದ ನೀರು ಸಂತೆಗೆ ಬಂದವರ ಹಾಗೆ ಬಂದು ಹೊರಟುಹೋಗುತ್ತದೆ, ಜೇಡಿಯಲ್ಲಿ ಮನೆ ಮಾಡಿಕೊಂಡು ಕೂರುತ್ತದೆ. ಮೇಲೆ ಬಿರುಕು ಬಿಟ್ಟು ಸತ್ತಂತೆ ಕಂಡರೂ ಒಂದು ಗೇಣು ಕೆಳಗೆ ತೇವ ಇದ್ದೇ ಇರುತ್ತದೆ. ಬೇರಿನ ಕೂದಲಿನಂಥ ಎಳೆಗಳು ತಮ್ಮ ಪಕ್ಕದ ಕಣದ ಸುತ್ತ ಅಂಟಿಕೊಂಡ ನೀರನ್ನು ಹೀರಿದಾಗ ಆ ಕಣ ಒಣಗುತ್ತದೆ. ಒಣಗಿದ್ದಕ್ಕೆ ಅದರ ಮಗ್ಗುಲಿನ ಒದ್ದೆ ಕಣ ತನ್ನದನ್ನು ಬಿಟ್ಟುಕೊಡುತ್ತದೆ, ಅದಕ್ಕೆ ಅದರಾಚೆಯದು. ಹೀಗೆ ಕಣದಿಂದ ಕಣಕ್ಕೆ ದಾಟುತ್ತಾ, ಒಣಗಿದ ಕಡೆಗೆ, ಕೆಳಗಿನಿಂದ ಮೇಲಕ್ಕೆ ಕೂಡ, ನೀರು ನಡೆದುಬರುತ್ತದೆ. ಕ್ಲಾಸಿನಲ್ಲಿ ಇದನ್ನು ತೋರಿಸಲು ಶಾಯಿ ಸುರಿದ ತಟ್ಟೆಯಲ್ಲಿ ಚಾಕ್‌ಪೀಸ್ ನಿಲ್ಲಿಸುತ್ತಿದ್ದೆ. ನೀಲಿ ತಾನಾಗಿಯೇ ಮೇಲೇರುವುದನ್ನು ನೋಡಿ ಹುಡುಗಿಯರು ಬಾಯಿಬಿಟ್ಟುಕೊಂಡು ಕೂರುತ್ತಿದ್ದರು. ಬೀಗಿತ್ತಿ ಮಾಡಿದ್ದು ಆಗಾಗ ಪೈಪು ಬಿಟ್ಟು ಒಳಗೆ ಹೋಗಿ ಕಾಫಿ ಕುಡಿದದ್ದು, ಅಷ್ಟೇ. ಮಿಕ್ಕದ್ದೆಲ್ಲ ಜೇಡಿಮಣ್ಣು ಮಾಡಿಕೊಂಡಿತು. ಇದನ್ನು ಆ ಹೆಂಗಸರಿಗೆ ಹೇಳಲು ಬಾಯಿ ತುರಿಸುತ್ತಿತ್ತು. ಬೀಗರ ಮನೆಯಲ್ಲಿ ಅದೆಲ್ಲ ಹೇಳುವ ಹಾಗಿಲ್ಲ, ಬಾಯಿಗೆ ಒಂದು ಕೋಸಂಬರಿ ತುತ್ತು ಹಾಕಿಕೊಂಡೆ.

ಎಲ್ಲರೂ ಹೋದ ಮೇಲೆ ರಾತ್ರಿಯ ಅಡುಗೆಯ ಒಗ್ಗರಣೆಗೆ ಬೀಗಿತ್ತಿ ಫ್ರೀಜರಿನಿಂದ ಅಂಗಡಿಯ ಕರಿಬೇವು ತೆಗೆದರು. ಆಗ ನನಗೆ ನೆನಪಾಯಿತು. ಈ ಮನೆಯ ಗೃಹಪ್ರವೇಶಕ್ಕೆ ನಾನೇ ನರ್ಸರಿಗೆ ಹೋಗಿ ಒಂದು ಕರಿಬೇವಿನ ಗಿಡ ಕೊಡಿಸಿದ್ದೆ. ಗಿರಾವೀನ್‌ನಲ್ಲಿ ಮನೆಮನೆಯ ಮುಂದೆ ಆಳೆತ್ತರ ಬೆಳೆಯುವ ಗಿಡ ಅದು. ಮೆಲ್ಬರ್ನಿನ ಚಳಿಗೆ ನೆಲದಲ್ಲಿ ಉಳಿಯದೆಂದು ದೊಡ್ಡ ಕುಂಡದಲ್ಲಿ ಇಡಿಸಿದ್ದೆ. ಈಗ ಎಲ್ಲಿದೆ ಎಂದು ಮಗಳನ್ನು ಕೇಳಿದೆ. ಅವಳು ಬಟ್ಟೆ ಒಗೆಯುವ ಕೋಣೆಯ ಆಚೆಯ ಮೂಲೆಗೆ ಕರೆದುಕೊಂಡು ಹೋದಳು. ಬೋಳು ಕಡ್ಡಿಗಳು, ತುದಿಯಲ್ಲಿ ನಾಲ್ಕಾರು ಹಳದಿ ಎಲೆ.

ನನ್ನ ಸಿಟ್ಟಿನ ಕಟ್ಟೆ ಒಡೆಯಿತು. “ಸಾಯ್ಸಿಬಿಟ್ಯಲ್ಲೇ! ಬಸಳೆಗೆ ಪೈಪ್ ಹಿಡಿಯೋಕೆ ಜನ ಇದಾರೆ, ನಾನ್ ಕೊಟ್ಟಿದ್ದಕ್ಕೆ ಒಂದು ಚೊಂಬು ನೀರು ಹಾಕೋರಿಲ್ವಾ?”

“ದಿನಾ ಹಾಕ್ತೀನಮ್ಮಾ! ಬೇಕಿದ್ರೆ ಅತ್ತೇನ ಕೇಳು. ನೀನು ಹೇಳ್ದಂಗೆ ವಾರವಾರ ಮಜ್ಜಿಗೇನೂ ಹಾಕಿದೀನಿ. ಇದನ್ನ ಬೇರೆ ಯಾರಿಗೂ ಮುಟ್ಟಕ್ಕೆ ಬಿಟ್ಟಿಲ್ಲ ನಾನು.” ಅವಳ ಕಣ್ಣು ತುಂಬಿಕೊಂಡಿತು.

ಕರಿಬೇವಿಗೆ ಹುಳಿಮಜ್ಜಿಗೆ ಹಾಕಬೇಕೆನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿದ್ಯೆ. ಫೋನಿನಲ್ಲಿ ನಾನೇ ಹೇಳಿಕೊಟ್ಟಿದ್ದೆ, ಮತ್ತೆ ಮತ್ತೆ ಹೇಳಿದ್ದೆ. ಅವಳು ಸುಳ್ಳು ಹೇಳುವವಳಲ್ಲ. ಒಂದು ಚೊಂಬು ನೀರು ತರಿಸಿ ಕುಂಡಕ್ಕೆ ಸುರಿದು ನೋಡಿದೆ. ನೀರು ಮೇಲೆ ಒಂದು ಕ್ಷಣ ಪಾದರಸದ ಹಾಗೆ ಆಡಿ, ಮಣ್ಣಿಗೂ ಕುಂಡಕ್ಕೂ ನಡುವೆ ಬಿಟ್ಟಿದ್ದ ಸಂದಿನಲ್ಲಿ ಇಳಿದು, ತಳದ ತೂತಿನಿಂದ ಬಂದು ತಟ್ಟೆ ತುಂಬಿತು. ಯಾರು ನೋಡಿದರೂ ಗಿಡ ನೀರು ಕುಡಿದು ಮಿಕ್ಕದ್ದನ್ನು ಬಿಟ್ಟಿದೆ ಎಂದೇ ಅಂದುಕೊಳ್ಳಬೇಕು. ಬೆರಳು ತೂರಿಸಿದೆ. ಮೇಲೆ ಬೆಳ್ಳಗಿನ ಹೊಪ್ಪಳೆ, ಅದರ ಕೆಳಗೆ ನಶ್ಯದ ಪುಡಿಯ ಹಾಗೆ ಒಣಗಿದ ಮಣ್ಣು.

“ಯಾವ ಮಜ್ಜಿಗೆ ಹಾಕ್ದೆ?”

“ಮನೇಲಿರೋ ಮೊಸರೇ ಅಮ್ಮಾ, ನೀರು ಬೆರೆಸಿ.”

ಫ್ರಿಜ್‌ನಲ್ಲಿದ್ದ ಮೊಸರಿನ ಡಬ್ಬಿ ತೆಗೆದು ನೋಡಿದೆ. ಫುಲ್ ಕ್ರೀಮ್. ಮೈಸೂರಿನಲ್ಲಿ ಮಜ್ಜಿಗೆ ಎಂದರೆ ಕಡೆದು ಬೆಣ್ಣೆ ತೆಗೆದಾದ ಮೇಲೆ ಉಳಿದ ನೀರು. ಇಲ್ಲಿ ಕಡೆಯುವವರು ಯಾರು? ಕೆನೆಯೆಲ್ಲ ಸಮೇತ ಕುಂಡಕ್ಕೆ ಹೋಗಿತ್ತು. ನರ್ಸರಿಯ ಮಣ್ಣೂ ನಮ್ಮ ಕೆಂಪು ಮಣ್ಣಲ್ಲ, ಬಹುಪಾಲು ಮರದ ತೊಗಟೆಯ ಚೂರು. ಒಮ್ಮೆ ಪೂರ್ತಿ ಒಣಗಿತೆಂದರೆ ಅದು ತಾನೇ ನೀರನ್ನು ಒಲ್ಲೆ ಎನ್ನುತ್ತದೆ, ಅದರ ಮೇಲೆ ಜಿಡ್ಡು ಬೇರೆ ಕೂತರೆ ಕೇಳಬೇಕೇ. ಕಣ ಒದ್ದೆಯಾದರೆ ತಾನೇ ನೀರು ಅದಕ್ಕೆ ಅಂಟುವುದು, ಅಂಟಿದರೆ ತಾನೇ ಪಕ್ಕದ್ದಕ್ಕೆ ದಾಟುವುದು. ಮೇಣ ಸವರಿದ ಚಾಕ್‌ಪೀಸಿಗೆ ಶಾಯಿ ಏರುವುದಿಲ್ಲ ಎನ್ನುವುದನ್ನೂ ನಾನು ಅದೇ ಕ್ಲಾಸಿನಲ್ಲಿ ತೋರಿಸುತ್ತಿದ್ದೆ. ದಿನಾ ಮಗ್ಗುಲಲ್ಲೇ ನೀರು ಹರಿದುಹೋಗುತ್ತಿದ್ದರೂ ಬೇರು ನಟ್ಟನಡುವೆ ಬಾಯಾರಿ ಕೂತಿತ್ತು. ಮಾಡಿದ್ದುಣ್ಣೋ ಮಹರಾಯ ಎಂದರೆ ಇದೇ. ಆದರೆ ಉಣ್ಣುತ್ತಿದ್ದದ್ದು ಗಿಡ.

“ಏನಾಯ್ತ್ರೀ?” ಎನ್ನುತ್ತಾ ಬೀಗಿತ್ತಿ ಬಂದರು. ಈಗ ಇವರು ನಕ್ಕೇ ನಗುತ್ತಾರೆ ಎಂದುಕೊಂಡೆ. ಅವರು ಮಂಡಿ ಹಿಡಿದುಕೊಂಡು ಕುಂಡದ ಪಕ್ಕ ಕುಕ್ಕರುಗಾಲಲ್ಲಿ ಕೂತು, ನನ್ನ ಹಾಗೆಯೇ ಬೆರಳು ತೂರಿಸಿ ನೋಡಿದರು. ನಾನು ಚಾಕ್‌ಪೀಸಿನಿಂದ ಶುರುಮಾಡಿ ಎಲ್ಲ ಹೇಳಿದೆ. ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು. ಈ ಗುಣವೂ ಇದೆಯಲ್ಲ ಇವರಿಗೆ ಎಂದು ಅದಕ್ಕೂ ಉರಿದುಕೊಂಡೆ.

“ಮತ್ತೆ ಈಗೇನ್ ಮಾಡೋದು?”

“ಮೇಲಿಂದ ಸುರಿದ್ರೆ ಆಗಲ್ಲ. ಕುಂಡಾನೇ ನೀರಲ್ಲಿ ಮುಳುಗಿಸಿಡ್ಬೇಕು.”

ಅಷ್ಟು ದೊಡ್ಡ ಪಾತ್ರೆ ಮನೆಯಲ್ಲಿರಲಿಲ್ಲ. ಬರುವ ಮಗುವಿಗೆಂದು ತಂದಿಟ್ಟಿದ್ದ ಸ್ನಾನದ ಟಬ್ಬನ್ನು ಬೀಗಿತ್ತಿಯೇ ಎತ್ತಿಕೊಂಡು ಬಂದರು. “ಅತ್ತೇ, ಅದು ಬೇಬೀದು!” ಎಂದು ಮಗಳು ಕೂಗಿದಳು. “ತೊಳೆದ್ರಾಯ್ತು ಬಿಡಮ್ಮ” ಎಂದರು. ಹೊಪ್ಪಳೆ ಕೆರೆದು ತೆಗೆದು, ಗಿಡವನ್ನು ಸಣ್ಣ ಕುಂಡಕ್ಕೆ ಇಳಿಸಿ ಟಬ್ಬಿನಲ್ಲಿಟ್ಟರೆ ಅದು ಬೆಂಡಿನ ಹಾಗೆ ತೇಲಿತು. ಇಬ್ಬರೂ ಎರಡು ಕಡೆಯಿಂದ ಒತ್ತಿ ಹಿಡಿದೆವು. ಸ್ವಲ್ಪ ಹೊತ್ತಿಗೆ ಗುಳುಗುಳು ಎಂದು ಗುಳ್ಳೆ ಏಳತೊಡಗಿತು. ಮಣ್ಣಿನ ಸಂದುಗಳಿಂದ ಗಾಳಿ ಹೊರಗೆ ಬಂದು ಆ ಜಾಗಕ್ಕೆ ನೀರು ಹೋಗುತ್ತಿತ್ತು. ಗುಳ್ಳೆ ನಿಲ್ಲುವವರೆಗೂ ಕೈ ಬಿಡುವ ಹಾಗಿರಲಿಲ್ಲ. ಮಗಳು ಒಳಗೆ ಹೋದಳು. ನನಗೆ ತಡೆಯಲಾಗಲಿಲ್ಲ.

“ಬಾಣಂತನ ನೀವೇ ಮಾಡ್ತೀರಂತೆ” ಎಂದೆ.

ಬೀಗಿತ್ತಿ ನೀರನ್ನೇ ನೋಡುತ್ತಾ ಹೇಳಿದರು. “ನಾನು ಕೇಳ್ಲಿಲ್ಲಾರೀ. ಅವಳೇ ಕೇಳಿದ್ಲು. ನಂಗೆ ಬರಲ್ಲಮ್ಮ, ನಿಮ್ಮಮ್ಮನ್ನ ಕರೆಸ್ಕೋ ಅಂದೆ. ನಾನು ಔಷಧಿ ಚೀಟಿ ಬರೆದುಕೊಟ್ಟವಳು, ಮಗೂಗೆ ನೀರು ಎರೆದು ಗೊತ್ತಿಲ್ಲ. ನನ್ನ ಮಗನಿಗೆ ಎರೆದಿದ್ದೂ ನಮ್ಮಮ್ಮನೇ. ಇಲ್ಲ ಅತ್ತೆ, ನೀವೇ ಇರಿ ಅಂತ ಹಟ ಹಿಡಿದ್ಲು.”

ಅವರು ಕಸಿದುಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು. ಕಸಿದುಕೊಂಡಿರಲಿಲ್ಲ, ನನ್ನ ಮಗಳೇ ಕೈಯಾರೆ ಎತ್ತಿ ಕೊಟ್ಟಿದ್ದಳು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾ‌ಗಾಯಿತು, ನುಂಗಲೂ ಆಗದು, ಉಗುಳಲೂ ಆಗದು.

ಮಾರನೆಯ ದಿನ ಬಟ್ಟೆ ಮಡಚುತ್ತಾ ಮಗಳನ್ನು ನೇರವಾಗಿಯೇ ಕೇಳಿದೆ. “ನನ್ನ ಕೈಲಿ ಏನು ಕಡಿಮೆಯಾಯ್ತೇ ನಿಂಗೆ?”

ಅವಳು ಕೈಯಲ್ಲಿದ್ದ ಟವೆಲ್ ಮಡಚಿಟ್ಟಳು. “ಹೋದ ಸಲ ಒಂದು ಲೋಟ ತಣ್ಣೀರಿಗೂ ನಿನ್ನ ಮುಖ ನೋಡ್ಬೇಕಿತ್ತಮ್ಮ. ನರ್ಸ್ ಚೆನ್ನಾಗಿ ಕುಡೀ ಅಂತಿದ್ಲು, ನೀನು ಬೇಡ ಅಂತಿದ್ದೆ. ನೀನು ಎಲ್ಲಾ ಮಾಡ್ದೆ, ಇಲ್ಲ ಅನ್ನಲ್ಲ. ಆದ್ರೆ ಇಡೀ ದಿನ ಏನಾದ್ರೂ ಹೇಳ್ತಾನೇ ಇದ್ದೆ. ಅತ್ತೆ ಹೇಳಲ್ಲ. ಕೇಳಿದ್ರೆ ಹೇಳ್ತಾರೆ, ಇಲ್ಲಾಂದ್ರೆ ಸುಮ್ನಿರ್ತಾರೆ.”

“ನಮ್ಮಮ್ಮ ನಂಗೆ ಕೊಟ್ಟಿದ್ದೂ ಅಳೆದು ಅಳೆದು ಬಿಸಿನೀರೇ. ನಾನೇನು ಸತ್ತುಹೋದ್ನಾ?” ಎಂದೆ.  ಅವಳು ಮಡಚಿದ ಟವೆಲ್ಲನ್ನೇ ಬಿಚ್ಚಿ ಮತ್ತೆ ಮಡಚಿದಳು. ನನ್ನ ಮಗಳು ಅತ್ತೆಯನ್ನು ಹೊಗಳಿದ್ದು ನನಗೆ ಕಂಡಿತು, ಬೇರೆ ಏನೂ ಕಾಣಲಿಲ್ಲ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ ಎಂದು ಗಾದೆ ಮಾಡಿದವರು ನನ್ನ ಬೀಗಿತ್ತಿಯನ್ನು ನೋಡಿರಲಿಲ್ಲ. ಅಂಟು, ಒಣಕೊಬ್ಬರಿಯ ಪೊಟ್ಟಣಗಳನ್ನು ಅವರ ಕೈಗೆ ಕೊಟ್ಟು, ಉಂಡೆ ಕಟ್ಟುವುದು ಹೇಗೆಂದು ವಿವರವಾಗಿ ಹೇಳಿ ಸಿಡ್ನಿಗೆ ವಾಪಸ್ಸಾದೆ.

ಕರಿಬೇವು ಚಿಗುರಿತು. ಬಳೆ ಶಾಸ್ತ್ರಕ್ಕೆ ಬಂದವರೆಲ್ಲ ಇದ್ದ ವಾಟ್ಸಾಪ್ ಗ್ರೂಪಿನಲ್ಲಿ ಮಗಳು ಫೋಟೊ ಹಾಕಿದಳು. ‘ಡಾಕ್ಟರ್ ಆಂಟಿ ಕೈಗುಣ!’ ಎಂದು ಬಂದ ಮೆಸೇಜುಗಳಿಗೆ ಲೆಕ್ಕವಿಲ್ಲ. ‘ಇದು ನನ್ನ ಬೀಗಿತ್ತಿ ಮಾಡಿದ್ದು, ನಾನಲ್ಲ’ ಎಂದು ಬೀಗಿತ್ತಿ ಬರೆದರು. ಅದಕ್ಕೆ ‘ಎಷ್ಟು ಸಿಂಪಲ್ ನೋಡಿ ಆಂಟಿ’ ಎಂದು ಇನ್ನೊಂದು ಸುತ್ತು ಹೊಗಳಿಕೆ. ಹಲ್ಲು ಕಚ್ಚಿಕೊಂಡು ನಾನೂ ಒಂದು ಹೆಬ್ಬೆರಳು ಒತ್ತಿದೆ.

ಮೇ ತಿಂಗಳಲ್ಲಿ ಹೆರಿಗೆಯಾಯಿತು, ಮತ್ತೆ ಹೆಣ್ಣುಮಗು. ಹೇಳಿದ್ದಂತೆ ಒಂದು ವೀಕೆಂಡ್ ಹೋಗಿಬಂದೆ. ಬೀಗಿತ್ತಿ ಕಾಲು ಚಾಚಿ, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು, ಹೆದರಿ ಹೆದರಿ ಎರೆಯುತ್ತಿದ್ದರು. ನೀರು ಕಿವಿಗೆ ಹೋಗುತ್ತಿತ್ತು. ಹೇಳಲಿಲ್ಲ. ಹೇಳದೆ ಇರುವುದು ಒಳ್ಳೆಯತನವೆಂದಲ್ಲ, ಮುನಿಸು. ಮನೆಗೆ ಬಂದ ಮೇಲೆ ಮಗಳಿಗೆ ಫೋನು ಮಾಡುವುದನ್ನೂ ನಿಲ್ಲಿಸಿದೆ. ಸುಮ್ಮನಿರುವವರೇ ಬೇಕಲ್ಲ ಅವಳಿಗೆ, ಇರಲಿ. ಬೆಳಗಿನ ಹೊತ್ತು ಮನೆಯಲ್ಲಿ ಗಡಿಯಾರದ ಸದ್ದು ಕೇಳುತ್ತಿತ್ತು. ಫೋನನ್ನು ತಿರುಗಿಸಿಟ್ಟು ತರಕಾರಿ ಹೆಚ್ಚುತ್ತಿದ್ದೆ, ಮತ್ತೆ ತಿರುಗಿಸಿ ನೋಡುತ್ತಿದ್ದೆ.

ಒಂದು ದಿನ ಹತ್ತು ಹನ್ನೊಂದರ ಹೊತ್ತಿಗೆ ಅವಳೇ ಮಾಡಿದಳು. ವಿಡಿಯೊ ಅಲ್ಲ, ಬರೀ ದನಿ. ‘ಹಲೋ, ಹಲೋ’ ಎಂದೆ. ಆಮೇಲೆ ಬಿಕ್ಕುವುದು ಕೇಳಿಸಿತು.

“ಏನಾಯ್ತೇ? ಜ್ವರಾನಾ? ಹಾಲು ಕಟ್ಟಿಕೊಂಡಿದ್ಯಾ? ಮಗು…”

“ಮಾತಾಡ್ಬೇಡ ಅಮ್ಮಾ. ಸುಮ್ನೆ ಲೈನಲ್ಲಿರು.”

ಸೆರಗನ್ನು ಬಾಯಿಗೆ ಒತ್ತಿಕೊಂಡು ಕುರ್ಚಿಯಲ್ಲಿ ಕೂತೆ. ನಾಲಗೆಯ ತುದಿಯಲ್ಲಿ ಇಪ್ಪತ್ತು ಪ್ರಶ್ನೆ, ನಲವತ್ತು ಔಷಧಿ. ಒಂದನ್ನೂ ಹೊರಗೆ ಬಿಡಲಿಲ್ಲ. ಅವಳು ಅತ್ತಳು, ಮೂಗು ಒರೆಸಿಕೊಂಡಳು, ಮತ್ತೆ ಅತ್ತಳು. ಆ ಕಡೆ ಹಾಲ್‌ನಲ್ಲಿ ಬೀಗಿತ್ತಿ ದೊಡ್ಡ ಮೊಮ್ಮಗಳಿಗೆ ಏನೋ ಓದಿ ಹೇಳುತ್ತಿದ್ದರು.

“ಅತ್ತೆ ಮುಂದೆ ಅಳಕ್ಕಾಗಲ್ಲಮ್ಮ” ಎಂದಳು ಸಣ್ಣ ದನಿಯಲ್ಲಿ. “ತುಂಬಾ ಚೆನ್ನಾಗಿ ನೋಡ್ಕೋತಾರೆ. ಅದಕ್ಕೇ ಆಗಲ್ಲ.”

ಮಗಳು ಅಳುತ್ತಿದ್ದಾಳೆ, ತಾಯಿಯಾದವಳಿಗೆ ಸಂತೋಷವಾಗುತ್ತಿದೆ. ಹೊರಗೆ ಹೇಳಿಕೊಳ್ಳುವ ಮಾತೇ ಇದು? ಆದರೂ ಆಯಿತು. ಆ ಮನೆಯಲ್ಲಿ ಎಲ್ಲವೂ ಬೀಗಿತ್ತಿಯ ಕೈಯಲ್ಲಿತ್ತು, ಈ ಅಳು ಮಾತ್ರ ಅವರಿಗೆ ಸಿಕ್ಕಿರಲಿಲ್ಲ.

“ಇಡ್ತೀನಮ್ಮ, ಮಗು ಎದ್ದಿದೆ. ನಾಳೇನೂ ಮಾಡ್ಲಾ?”

“ಹೂಂ” ಎಂದೆ. ಅಷ್ಟೇ ಎಂದೆ.